ಚಹಾ ಇಡುವ ಎತ್ತರ

ಹಿಂದೆ ಆಕಾಶದಲ್ಲಿ ಹೆಸರು ಹೇಳದೆ ಓಡಾಡಬಹುದಿತ್ತು. ನನ್ನ ಹತ್ತಿರ ವಿಮಾನ ತರುವ ಹೊಸಬರಿಗೆ ಈ ಮಾತು ಹೇಳಿದರೆ, ಬುಡ್ಡಿದೀಪದ ಕಾಲದವಳನ್ನು ಕಂಡ ಹಾಗೆ ನನ್ನನ್ನು ನೋಡುತ್ತಾರೆ. ನೋಡಲಿ. ಅವರ ವಿಮಾನಕ್ಕೆ ಪೆಟ್ಟಿಗೆ ಕೂರಿಸುವವಳು ನಾನೇ, ಆ ಪೆಟ್ಟಿಗೆ ಬರುವ ಮುಂಚಿನ ಆಕಾಶ ಕಂಡವಳೂ ನಾನೇ.

ಪೆಟ್ಟಿಗೆ ಎಂದರೆ ಟ್ರಾನ್ಸ್‌ಪಾಂಡರ್. ಒಂದು ಡಬ್ಬಿಯಷ್ಟು ದೊಡ್ಡದು. ನೆಲದ ಮೇಲಿನ ರೇಡಾರ್ ‘ಯಾರಪ್ಪಾ ಅಲ್ಲಿ?’ ಎಂದು ಕೇಳಿದರೆ ಅದು ‘ನಾನು ಇಂಥವನು, ಇಷ್ಟು ಎತ್ತರದಲ್ಲಿದ್ದೇನೆ’ ಎಂದು ಉತ್ತರ ಕೊಡುತ್ತದೆ. ಹೊಸ ನಮೂನೆಯವಂತೂ ಯಾರೂ ಕೇಳದಿದ್ದರೂ ತಾವು ಎಲ್ಲಿದ್ದೇವೆ ಎಂದು ಕ್ಷಣಕ್ಷಣವೂ ಊರಿಗೆಲ್ಲ ಡಂಗುರ ಸಾರುತ್ತವೆ. ಮನೆಯಲ್ಲಿ ಕೂತವರೂ ಫೋನಿನಲ್ಲಿ ಅದನ್ನು ನೋಡಬಹುದು. ಸಣ್ಣ ವಿಮಾನಗಳಿಗೆ ಇಂಥವನ್ನೆಲ್ಲ ಕೂರಿಸುವುದು, ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಹುಲ್ಲಿನ ಮೈದಾನದ ಅಂಚಿನಲ್ಲಿ ತಗಡಿನ ಶೆಡ್ಡು, ಅದರ ಮೂಲೆಯಲ್ಲಿ ನನ್ನ ಮೇಜು. ಮೇಜಿನ ಮೇಲೆ ತಂತಿ, ಬೆಸುಗೆ ಕಡ್ಡಿ, ಯಾವಾಗಲೂ ಕಳೆದುಹೋಗುವ ಒಂದು ಸಣ್ಣ ಸ್ಕ್ರೂಡ್ರೈವರ್.

ದೊಡ್ಡ ವಿಮಾನ ನಿಲ್ದಾಣ ನಮ್ಮಿಂದ ದೂರವೇ ಇದೆ. ಆದರೆ ಅದರ ಸುತ್ತ ನಕ್ಷೆಯಲ್ಲಿ ಒಂದು ವೃತ್ತ ಎಳೆದಿದ್ದಾರೆ. ನಮ್ಮ ಮೈದಾನ ಆ ವೃತ್ತದ ಅಂಚಿನ ಒಳಗೆ ಹೇಗೋ ಸಿಕ್ಕಿಕೊಂಡಿದೆ. ವೃತ್ತದೊಳಗೆ ಹಾರಬೇಕಾದರೆ ಪೆಟ್ಟಿಗೆ ಬೇಕು ಎಂಬ ನಿಯಮ ಮೊದಲಿಂದಲೂ ಇತ್ತು. ಆದರೆ ಕರೆಂಟೇ ಇಲ್ಲದ ಹಳೇ ವಿಮಾನಗಳಿಗೆ ಒಂದು ರಿಯಾಯಿತಿ ಇತ್ತು. ಹೊರಡುವ ಮುಂಚೆ ರೇಡಾರ್ ಕೋಣೆಗೆ ಒಂದು ಫೋನ್ ಮಾಡಿದರೆ ಸಾಕು.

ಅಂಥ ಹಳೇ ವಿಮಾನ ನಮ್ಮ ಮೈದಾನದಲ್ಲಿ ಒಂದೇ ಇತ್ತು. ನಮ್ಮಪ್ಪನದು.

ಅಪ್ಪ ಸೇತುವೆ ಕಟ್ಟುವ ಎಂಜಿನಿಯರ್ ಆಗಿದ್ದವರು. ನಾನು ಹುಟ್ಟುವ ಮುಂಚೆ ಎಲ್ಲಿಂದಲೋ ಒಂದು ಮುರುಕಲು ವಿಮಾನದ ಅಸ್ಥಿಪಂಜರ ತಂದು, ಬಾಡಿಗೆ ಶೆಡ್ಡಿನಲ್ಲಿ ಹಾಕಿಕೊಂಡು, ರಜೆ ದಿನವೆಲ್ಲ ಅದಕ್ಕೇ ಸುರಿದರು. ಎರಡು ಸೀಟು, ಒಂದರ ಹಿಂದೆ ಒಂದು. ರೆಕ್ಕೆಗೆ ಲೋಹದ ಹೊದಿಕೆ ಇಲ್ಲ, ಬಟ್ಟೆ. ಬಟ್ಟೆಯನ್ನು ರೆಕ್ಕೆಯ ಪಕ್ಕೆಲುಬುಗಳಿಗೆ ಮೇಣದ ದಾರದಲ್ಲಿ ಹೊಲಿಯಬೇಕು, ಪ್ರತಿ ಹೊಲಿಗೆಗೂ ಒಂದೊಂದು ಗಂಟು ಬೀಳಬೇಕು. ಅಪ್ಪ ಹೊಲಿದದ್ದನ್ನು ನೋಡಿ ಅಮ್ಮ ಮೂಗು ಮುರಿದಳಂತೆ. ಅಮ್ಮ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದವಳು. “ಇದರಲ್ಲಿ ಹಾರ್ತೀರಾ? ಇದನ್ನ ದಿಂಬಿನ ಕವರಿಗೂ ಹಾಕಲ್ಲ ನಾನು,” ಎಂದು ಅಷ್ಟನ್ನೂ ಬಿಚ್ಚಿ, ಎರಡೂ ರೆಕ್ಕೆಯನ್ನೂ ಹೊಟ್ಟೆಯ ಬಟ್ಟೆಯನ್ನೂ ತಾನೇ ಹೊಲಿದಳು. ಅಂದಿನಿಂದ ಅಪ್ಪ ಅವಳನ್ನು ಕರೆಯುವುದೇ ಟೈಲರಮ್ಮ ಎಂದು. ವಿಮಾನಕ್ಕೆ ಹಳದಿ ಬಣ್ಣ ಬಳಿದರು. ಹೆಸರು ಇಡುವ ಗೋಜಿಗೆ ಯಾರೂ ಹೋಗಲಿಲ್ಲ. ಅದು ‘ಹಳದಿ’ ಅಷ್ಟೇ.

ಹಳದಿಗೆ ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಯಾರಾದರೂ ಎದುರು ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಆ ಯಾರಾದರೂ ಎಂದರೆ ಅಮ್ಮ. ಸೆರಗು ಬಿಗಿದು ಸಿಕ್ಕಿಸಿ, ಬಳೆ ತೆಗೆದಿಟ್ಟು, ಎದುರು ನಿಂತು ಕೂಗುತ್ತಿದ್ದಳು. “ಸ್ವಿಚ್ ಆಫ್?” ಒಳಗಿಂದ ಅಪ್ಪ, “ಆಫ್!” ಅವಳು ನಾಲ್ಕಾರು ಸಲ ಮೆಲ್ಲಗೆ ತಿರುಗಿಸಿ, “ಆನ್ ಮಾಡಿ!” ಎನ್ನುವಳು. “ಆನ್!” ಒಂದೇ ಎಳೆತ, ಕೂಡಲೇ ಹಿಂದಕ್ಕೆ ಹೆಜ್ಜೆ. ಹುಲ್ಲೆಲ್ಲ ಹಿಂದಕ್ಕೆ ಮಲಗುತ್ತಿತ್ತು, ಅಮ್ಮನ ಕೂದಲು ಹಾರುತ್ತಿತ್ತು. ನಾನು ಶೆಡ್ಡಿನ ಬಾಗಿಲಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದೆ. ನನ್ನ ಅಮ್ಮನಷ್ಟು ಗಟ್ಟಿಗಿತ್ತಿ ಲೋಕದಲ್ಲಿ ಇಲ್ಲ ಎಂದು ಆಗ ನನಗೆ ಖಾತ್ರಿ ಇತ್ತು. ಈಗಲೂ ಇದೆ.

ಆಮೇಲೆ ಅಪ್ಪ ಹೋಗುತ್ತಿದ್ದರು. ಹೋಗುವ ಮುಂಚೆ ಶೆಡ್ಡಿನ ಗೋಡೆಯ ಫೋನಿನಿಂದ ರೇಡಾರ್ ಕೋಣೆಗೆ ಹೇಳಿರುತ್ತಿದ್ದರು. “ಹಳದಿ ಹೊರಡ್ತಿದೆಯಮ್ಮ. ನದಿ ಮೇಲೆ ಹೋಗಿ ಚಹಾ ಹೊತ್ತಿಗೆ ವಾಪಸ್.” ಆ ಕಡೆಯ ಅಧಿಕಾರಿಣಿ, “ಆಯ್ತು ಸರ್, ನಿಮ್ಮ ಚುಕ್ಕೆ ಕಾಣ್ತಾ ಇರತ್ತೆ,” ಎನ್ನುವರು. ಅವರ ಪರದೆಯ ಮೇಲೆ ಬೇರೆ ವಿಮಾನಗಳಿಗೆಲ್ಲ ಪಕ್ಕದಲ್ಲಿ ಹೆಸರು, ಎತ್ತರ. ಅಪ್ಪನಿಗೆ ಬರೀ ಒಂದು ಚುಕ್ಕೆ. ಹೆಸರಿಲ್ಲದ ಆ ಚುಕ್ಕೆ ಯಾರದು ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಥ ಕಾಲ ಅದು.

ಅಮ್ಮ ಅಷ್ಟರಲ್ಲಿ ಸೈಕಲ್ ಹತ್ತಿ ಮನೆಗೆ ಬಂದಿರುತ್ತಿದ್ದಳು. ಮನೆ ಮೈದಾನಕ್ಕೆ ಹತ್ತಿರ, ಊರಿನ ಕೊನೆಯ ಬೀದಿ, ಹಿಂದುಗಡೆ ಖಾಲಿ ಬಯಲು. ವಾಪಸು ಬರುವಾಗ ಅಪ್ಪ ಮನೆಯ ಸುತ್ತ ಒಂದು ಸುತ್ತು ಹಾಕಿ, ಎಂಜಿನ್ನಿನ ಸದ್ದನ್ನು ಎರಡು ಸಲ ಇಳಿಸಿ ಏರಿಸುತ್ತಿದ್ದರು. ಗುರ್‌ರ್ ಎಂದು ತಗ್ಗಿ, ಗುರ್‌ರ್ ಎಂದು ಏರಿ, ಮತ್ತೊಮ್ಮೆ. ಅದರ ಅರ್ಥ ಒಂದೇ: ‘ಬಂದೆ, ಚಹಾ ಇಡು.’ ಅಮ್ಮ ಅಂಗಳಕ್ಕೆ ಬಂದು ಕೈ ಬೀಸಿ, ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ವಿಮಾನ ಇಳಿಸಿ, ಕಟ್ಟಿ, ಅಪ್ಪ ಮನೆಗೆ ನಡೆದು ಬರುವ ಹೊತ್ತಿಗೆ ಚಹಾ ಸೋಸಿಟ್ಟು ಕುಡಿಯುವ ಹದಕ್ಕೆ ಬಂದಿರುತ್ತಿತ್ತು. ನನ್ನ ಬಾಲ್ಯವೆಲ್ಲ ಆ ಸದ್ದು ಮತ್ತು ಆ ಚಹಾದ ನಡುವಿನ ಹೊತ್ತಿನಲ್ಲೇ ಇದೆ ಎಂದು ನನಗೆ ಅನಿಸುವುದುಂಟು. ಆ ಹೊತ್ತಿನಲ್ಲಿ ಅಮ್ಮ ಯಾವ ತಪ್ಪಿಗೂ ಬೈಯುತ್ತಿರಲಿಲ್ಲ.

ವರ್ಷಗಳು ಹೋದವು. ಅಮ್ಮನ ಕಿವಿ ಮಂದವಾಗುತ್ತ ಬಂತು. ಮೊದಮೊದಲು ಹೊಲಿಗೆ ಯಂತ್ರದ ಸದ್ದಿನ ಮೇಲೆ ತಪ್ಪು ಹಾಕಿದೆವು. ಆಮೇಲೆ ಡಾಕ್ಟರು ಕಿವಿಗೆ ಯಂತ್ರ ಕೊಟ್ಟರು. ಅದು ಹಾಕಿಕೊಂಡರೆ ಚಮಚ ಬಿದ್ದದ್ದು ಬಾಂಬಿನಂತೆ ಕೇಳುತ್ತದೆ, ಮಾತು ಮಾತ್ರ ಕೇಳುವುದಿಲ್ಲ ಎಂದು ಅವಳು ಅದನ್ನು ಗುಂಡಿಗಳ ಡಬ್ಬಿಗೆ ಸೇರಿಸಿದಳು. ಎದುರು ಕೂತು ತುಟಿ ನೋಡಿದರೆ ಅವಳಿಗೆ ನಮ್ಮ ಮಾತು ಗೊತ್ತಾಗುತ್ತಿತ್ತು. ಅಪ್ಪನ ಮೀಸೆ ಮಾತ್ರ ಅಡ್ಡ ಬರುತ್ತಿತ್ತು.

ಒಂದು ದಿನ ಅವಳೇ ಪ್ರೊಪೆಲ್ಲರಿನ ಎದುರಿನಿಂದ ಪಕ್ಕಕ್ಕೆ ಸರಿದಳು. “ಇವರು ‘ಆಫ್’ ಅಂದದ್ದು ಕಿವಿಗೆ ಬೀಳದೆ ನಾನು ಇದನ್ನ ಮುಟ್ಟಲ್ಲ. ಎರಡು ಕೈ ಇನ್ನೂ ಬೇಕು ನನಗೆ,” ಎಂದಳು. ಅಂದಿನಿಂದ ಆ ಕೆಲಸ ನನ್ನದಾಯಿತು. ಅಮ್ಮ ಮೈದಾನಕ್ಕೆ ಬರುವುದು ನಿಂತಿತು. ಅಪ್ಪ ಹಾರಲು ಹೋದಾಗೆಲ್ಲ ಮನೆಯ ಹಿಂಬಾಗಿಲಲ್ಲಿ ಬಯಲಿನ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಕೆಲವು ದಿನ ಪಕ್ಕದ ತಗಡಿನ ಗೇಟಿನ ಮೇಲೆ ಒಂದು ಕೈ ಚಾಚಿ ಕೂತಿರುತ್ತಿದ್ದಳು. ವಯಸ್ಸಾಯಿತು, ಆಸರೆಗೆ ಹಿಡಿದುಕೊಂಡಿದ್ದಾಳೆ ಎಂದುಕೊಂಡೆ. ಅಪ್ಪನ ಸದ್ದು ಬಂದಾಗ ಮಾತ್ರ ಎದ್ದು ಕೈ ಬೀಸುತ್ತಿದ್ದಳು.

“ನಾವು ಪಕ್ಕದಲ್ಲಿ ನಿಂತು ಕೂಗಿದ್ರೆ ಕೇಳಲ್ಲ. ಹಳದಿ ಮಾತ್ರ ಕೇಳತ್ತೆ ನೋಡು,” ಎಂದು ಅಪ್ಪ ಮೀಸೆ ತಿರುವುತ್ತಿದ್ದರು.

ಹೀಗಿರುವಾಗ ನಿಯಮ ಬದಲಾಯಿತು. ಬರುವ ತಿಂಗಳಿಂದ ವೃತ್ತದೊಳಗೆ ಯಾರಿಗೂ ರಿಯಾಯಿತಿ ಇಲ್ಲ. ಪೆಟ್ಟಿಗೆ ಇಲ್ಲದ ವಿಮಾನ ನೆಲ ಬಿಡುವಂತಿಲ್ಲ, ಅದೂ ಹೊಸ ನಮೂನೆಯ ಪೆಟ್ಟಿಗೆಯೇ ಆಗಬೇಕು. ಸುದ್ದಿ ತಂದವನು ಮೈದಾನದ ಮ್ಯಾನೇಜರ್. ಅವನನ್ನು ನಾವು ‘ಗಾಳಿಚೀಲ’ ಎನ್ನುತ್ತಿದ್ದೆವು. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟುವ ಬಟ್ಟೆಯ ಚೀಲದ ಹಾಗೆ ಅವನೂ ಮೇಲಿನವರ ಗಾಳಿ ಬೀಸಿದ ಕಡೆಗೆ ತಿರುಗುವವನು. ಕೆಟ್ಟವನಲ್ಲ.

ನನಗೆ ಕೆಲಸವೋ ಕೆಲಸ. ಮೈದಾನದ ಒಂದೊಂದೇ ವಿಮಾನ ನನ್ನ ಮೇಜಿನ ಮುಂದೆ ಸಾಲು ನಿಂತಿತು. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನನ್ನ ವಿಮಾನದಲ್ಲಿ ಕರೆಂಟೇ ಇಲ್ಲವಲ್ಲೇ,” ಎಂದರು.

“ಸಣ್ಣ ಬ್ಯಾಟರಿ ಇಡೋಣ ಅಪ್ಪಾ. ಮನೇಲಿ ಚಾರ್ಜ್ ಮಾಡ್ಕೊಂಡು ತಂದ್ರೆ ಒಂದು ಮಧ್ಯಾಹ್ನಕ್ಕೆ ಧಾರಾಳ ಸಾಕು. ನಾನೇ ಕೂರಿಸ್ತೀನಿ.”

“ತೂಕ ಜಾಸ್ತಿ ಆಗತ್ತೆ.”

“ನೀವು ತಿನ್ನೋ ಬಿಸ್ಕತ್ತಿನ ಡಬ್ಬಿ ಅದಕ್ಕಿಂತ ಭಾರ.”

“ಆಂಟೆನಾಗೆ ಹೊಟ್ಟೆ ಬಟ್ಟೆ ಕತ್ತರಿಸಬೇಕು. ಟೈಲರಮ್ಮನ ಹೊಲಿಗೆಗೆ ಕತ್ತರಿ ಹಾಕ್ತೀಯಾ?”

ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ನೆಪ. ಕೊನೆಗೆ ಗಡಿಯಾರದ ಕಡೆ ನೋಡುತ್ತ, “ಇಷ್ಟು ವರ್ಷ ನಾನು ಎಲ್ಲಿದ್ದೀನಿ ಅಂತ ನಿಮ್ಮಮ್ಮನ್ನ ಬಿಟ್ಟು ಯಾರೂ ಕೇಳಿಲ್ಲ. ಈಗ ಯಾರಿಗೋ ಯಾಕೆ ಹೇಳ್ಲಿ?” ಎಂದು ಎದ್ದರು. ವೃತ್ತದ ಆಚೆ, ಬೆಟ್ಟಗಳ ಹತ್ತಿರ, ಎಂಜಿನ್ನಿಲ್ಲದ ವಿಮಾನ ಹಾರಿಸುವವರ ಒಂದು ಗ್ಲೈಡರ್ ಕ್ಲಬ್ಬಿದೆ. ಅಲ್ಲಿ ಇಂಥ ತಗಾದೆ ಇಲ್ಲ. ಹಳದಿಯನ್ನು ಅವರಿಗೆ ಕೊಟ್ಟುಬಿಡುವುದಾಗಿ ಮಾತಾಡಿ ಮುಗಿಸಿದ್ದರು. ನಿಯಮ ಬರುವ ಹಿಂದಿನ ಭಾನುವಾರ ತಾವೇ ಹಾರಿಸಿಕೊಂಡು ಹೋಗಿ, ಬಿಟ್ಟು, ಬಸ್ಸಿನಲ್ಲಿ ವಾಪಸು ಬರುವುದು ಎಂದು ತೀರ್ಮಾನ.

ನನಗೆ ತಲೆ ಕೆಟ್ಟುಹೋಯಿತು. ಊರವರ ವಿಮಾನಕ್ಕೆಲ್ಲ ನಾನು ಬೇಕು, ಅಪ್ಪನ ವಿಮಾನಕ್ಕೆ ನಾನು ಬೇಡ! ಆದರೆ ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಹಳದಿ ಹೋದರೆ ಮನೆಯ ಮೇಲೆ ಆ ಸದ್ದು ಮತ್ತೆ ಬರುವುದಿಲ್ಲ. ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುವವರ ಸಾಲಿಗೆ ಸೇರುತ್ತಾರೆ. ಅಮ್ಮನಿಗೆ ಈ ಲೋಕದಲ್ಲಿ ಉಳಿದ ಒಂದೇ ಒಂದು ಸದ್ದು ಹೋಗುತ್ತದೆ.

ಅದಕ್ಕೆ ಹಿಂದಿನ ದಿನ ಶನಿವಾರ, ಕೊನೆಯ ಸಲ ನದಿಯ ತನಕ ಹೋಗಿ ಬರೋಣ ಎಂದು ಅಪ್ಪ ಕರೆದಾಗ, ಪ್ರೊಪೆಲ್ಲರ್ ಎಳೆದು ನಾನೂ ಹತ್ತಿದೆ. ಎಷ್ಟೋ ವರ್ಷಗಳಾಗಿದ್ದವು ಹತ್ತಿ. ದೊಡ್ಡವಳಾದ ಮೇಲೆ ವಿಮಾನಗಳ ಹೊಟ್ಟೆಯೊಳಗೆ ತಲೆ ಹಾಕಿದ್ದೇ ಹೆಚ್ಚು, ಹಾರಿದ್ದು ಕಡಿಮೆ. ಹಳದಿಯಲ್ಲಿ ಓಡಿಸುವವರು ಹಿಂದಿನ ಸೀಟಿನಲ್ಲಿ, ಜೊತೆಯವರು ಮುಂದೆ. ಮೀಟರುಗಳೆಲ್ಲ ಮುಂದೆ ಇರುವುದರಿಂದ ಅಪ್ಪನಿಗೆ ಕಾಣಲು ನಾನು ಭುಜ ಓರೆ ಮಾಡಿಕೊಂಡು ಕೂರಬೇಕು. ಚಿಕ್ಕವಳಿದ್ದಾಗ ಈ ತಾಪತ್ರಯ ಇರಲಿಲ್ಲ, ನನ್ನ ತಲೆಯ ಮೇಲಿಂದಲೇ ನೋಡುತ್ತಿದ್ದರು.

ನದಿ ಹಾಗೆಯೇ ಇತ್ತು. ಅಪ್ಪ ಕಟ್ಟಿದ ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಪಕ್ಕದ ಕಿಟಕಿ ತೆರೆದೇ ಇತ್ತು. ಎಣ್ಣೆ, ಬಿಸಿ ಬಟ್ಟೆ, ಹುಲ್ಲಿನ ವಾಸನೆ ಮೂಗಿಗೆ ಬಂದದ್ದೇ ನನಗೆ ಏಳೋ ಎಂಟೋ ವಯಸ್ಸಾಯಿತು. ಹಿಂದಿನಿಂದ ಅಪ್ಪ ಏನೋ ಗುನುಗುತ್ತಿದ್ದರು. ಇದು ಮುಗಿಯುವುದು ಬೇಡ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು.

ಮನೆಯ ಕಡೆ ತಿರುಗಿದೆವು. ಅಪ್ಪ ಇಳಿಯತೊಡಗಿದರು. ಎತ್ತರದ ಮೀಟರು ನನ್ನ ಮೂಗಿನ ಮುಂದೆಯೇ ಇತ್ತು. ಮನೆಗಳ ಮೇಲೆ ಸಾವಿರ ಅಡಿಗಿಂತ ಕೆಳಗೆ ಬರಬಾರದು, ಅದು ಎಲ್ಲರಿಗೂ ಒಂದೇ ಕಾನೂನು. ಮುಳ್ಳು ಸಾವಿರ ದಾಟಿತು. ಎಂಟುನೂರು. ಆರುನೂರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಪ್ಪ ಹೊರಗೆ ನೋಡುತ್ತಿದ್ದರು. ಮುಳ್ಳು ನಾನೂರಕ್ಕೆ ಬಂದು ನಿಂತಿತು. ಪಕ್ಕದ ಮನೆಯವರ ನೀರಿನ ತೊಟ್ಟಿಯ ಮುಚ್ಚಳ ಸರಿದಿರುವುದು ನನಗೆ ಕಂಡಿತು. ಇಷ್ಟು ಕೆಳಗೆ ಎಂಜಿನ್ ಕೈ ಕೊಟ್ಟರೆ ಇಳಿಯಲು ಜಾಗ ಹುಡುಕುವಷ್ಟೂ ಹೊತ್ತಿಲ್ಲ. ಮೇಲಾಗಿ ಇವರು ಬೇಕೆಂದೇ ಎಂಜಿನ್ನನ್ನು ಎರಡು ಸಲ ತಗ್ಗಿಸಿದರು.

ಕೆಳಗೆ ಹಿಂಬಾಗಿಲಲ್ಲಿ ಕೂತ ಅಮ್ಮ ಎದ್ದು ಕೈ ಬೀಸಿದಳು.

ಇಳಿದು, ಎಂಜಿನ್ ಆರಿದ್ದೇ ತಡ, ನಾನು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಕೆಲಸವೇ ವಿಮಾನ ಸುರಕ್ಷಿತವಾಗಿಡುವುದು, ನನ್ನ ಅಪ್ಪನೇ ಹೀಗೆ! ಅಪ್ಪ ಚಕ್ರಕ್ಕೆ ಮರದ ತುಂಡು ಕೊಡುತ್ತಿದ್ದರು. ಬೈದು ಬೈದು ನನಗೇ ಸುಸ್ತಾದ ಮೇಲೆ ಹೇಳಿದರು.

“ಮೊದಲು ಸಾವಿರದ ಮೇಲೇ ಇರ್ತಿದ್ದೆ. ಚೆನ್ನಾಗಿ ಕೇಳೋದು ಅವಳಿಗೆ. ಆಮೇಲೆ ಕೇಳದ ಹಾಗಾಯ್ತು, ಹೊರಗೆ ಬರ್ತಿರಲಿಲ್ಲ. ಸ್ವಲ್ಪ ಇಳಿದೆ, ಬಂದ್ಲು. ಮಾರನೇ ವರ್ಷ ಇನ್ನೂ ಸ್ವಲ್ಪ ಇಳಿದೆ. ಏನ್ ಮಾಡ್ಲಿ?”

ಆಗ ನನಗೆ ಎಲ್ಲ ಹೊಳೆಯಿತು. “ಪೆಟ್ಟಿಗೆ ಹಾಕಿದ್ರೆ ನೀವು ಎಷ್ಟು ಕೆಳಗೆ ಬರ್ತೀರಿ ಅಂತ ಎಲ್ರಿಗೂ ಗೊತ್ತಾಗತ್ತೆ. ಅದಕ್ಕೇ ಬೇಡ ಅಂದ್ರಾ?”

“ಲೈಸೆನ್ಸ್ ಕಿತ್ಕೋತಾರೆ. ಕಿತ್ಕೊಳ್ಳಲಿ, ಅದಲ್ಲ. ಕಾನೂನಿನ ಎತ್ತರದಲ್ಲಿ ಹೋದ್ರೆ ಅವಳಿಗೆ ಕೇಳಲ್ಲ. ನಾನು ಮೇಲೆ ಹೋಗ್ತಿದ್ದೀನಿ, ಅವಳು ಕೆಳಗೆ ಕಾಯ್ತಿದ್ದಾಳೆ, ಬಂದದ್ದು ಗೊತ್ತಾಗಲ್ಲ... ದಾರಿಹೋಕರ ಹಾಗೆ ಮನೆ ಮೇಲೆ ಹೋಗೋದು ನನ್ನ ಕೈಲಿ ಆಗಲ್ಲಮ್ಮ. ಅದಕ್ಕಿಂತ ಕೊಟ್ಟುಬಿಡೋದು ವಾಸಿ.”

ಅಮ್ಮನ ಕಿವಿ ಇಳಿದಷ್ಟೂ ಅಪ್ಪನ ವಿಮಾನ ಇಳಿಯುತ್ತ ಬಂದಿತ್ತು. ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಶೆಡ್ಡಿನೊಳಗೆ ಹೋದೆ.

ಅಪ್ಪ ಹಳದಿಯನ್ನು ಒರೆಸುತ್ತ ಉಳಿದರು. ನಾನು ಮುಂಚೆ ಮನೆಗೆ ಹೋದೆ. ಅಮ್ಮ ಚಹಾ ಸೋಸುತ್ತಿದ್ದಳು. ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಎಲ್ಲ ಹೇಳಿದೆ. ಅಪ್ಪ ಎಷ್ಟು ಕೆಳಗೆ ಬರುತ್ತಾರೆ, ಯಾಕೆ ಬರುತ್ತಾರೆ, ಯಾಕೆ ಪೆಟ್ಟಿಗೆ ಬೇಡ ಅಂದರು. ಅಮ್ಮ ಸೋಸುವುದನ್ನು ನಿಲ್ಲಿಸಿದಳು.

“ನನಗೆ ಕೇಳೋದು ನಿಂತು ಮೂರು ವರ್ಷ ಆಯ್ತು ಕಣೇ,” ಎಂದಳು.

“ಮತ್ತೆ ಕೈ ಬೀಸ್ತೀಯಲ್ಲ?”

“ನೆರಳು ಬರತ್ತೆ. ಬಯಲಿನ ಮೇಲೆ ಓಡ್ಕೊಂಡು ಬರತ್ತೆ, ನೋಡ್ತಾ ಕೂತಿರ್ತೀನಿ. ಕಂಡ ತಕ್ಷಣ ಏಳ್ತೀನಿ.”

“ಮೋಡ ಇದ್ರೆ?”

“ಗೇಟಿನ ಮೇಲೆ ಕೈ ಇಟ್ಕೊಂಡಿರ್ತೀನಿ. ತಗಡು ನಡುಗತ್ತೆ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. “ಅಪ್ಪನಿಗೆ ಯಾಕೆ ಹೇಳ್ಲಿಲ್ಲ?”

“ಕೇಳಲ್ಲ ಅಂದ್ರೆ ಇನ್ನೂ ಕೆಳಗೆ ಬರ್ತಿದ್ರು. ನಿಮ್ಮಪ್ಪನ್ನ ನೀನು ಕಂಡಿಲ್ವಾ? ಛಾವಣಿ ಮೇಲೆ ಇಳಿಸಿ, ಈಗ ಕೇಳ್ತಾ ಅಂತಿದ್ರು.” ಅಮ್ಮ ನಕ್ಕಳು. ಆಮೇಲೆ ನಗು ನಿಂತಿತು. “ಅವರ ಮುಖ ನೋಡಬೇಕು ನೀನು. ಮೇಲಿಂದ ಬಗ್ಗಿ ನೋಡ್ತಾ ಇರ್ತಾರೆ, ಕೇಳ್ತೇನೋ ಅಂತ. ಇಲ್ಲ ಅಂತ ಹೇಗೆ ಹೇಳ್ಲಿ?”

ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಕಿವುಡಿಗೆ ಕೇಳಿಸಬೇಕೆಂದು ಒಬ್ಬರು ಪ್ರಾಣದ ಹಂಗು ಬಿಟ್ಟು ಕೆಳಗೆ ಬರುವುದು, ಅವರು ಇನ್ನೂ ಕೆಳಗೆ ಬಾರದಿರಲೆಂದು ಇನ್ನೊಬ್ಬರು ಕೇಳಿಸಿದವರ ಹಾಗೆ ನಟಿಸುವುದು. ಇಬ್ಬರೂ ಸೇರಿ ಮೂರು ವರ್ಷ ಒಂದು ಸುಳ್ಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು. ಆ ಸುಳ್ಳಿಗಾಗಿ ಹಳದಿ ನಾಳೆ ಬೆಟ್ಟದಾಚೆ ಹೋಗಲಿತ್ತು.

ನಾನು ಬ್ಯಾಗಿನಿಂದ ಟ್ಯಾಬ್ ತೆಗೆದು ಮೇಜಿನ ಮೇಲಿಟ್ಟೆ. ನಾನು ಪೆಟ್ಟಿಗೆ ಕೂರಿಸಿದ ಒಂದು ಕೆಂಪು ವಿಮಾನ ಆಗ ಹಾರುತ್ತಿತ್ತು. ನಕ್ಷೆಯ ಮೇಲೆ ಒಂದು ಪುಟ್ಟ ವಿಮಾನದ ಚಿತ್ರ, ಪಕ್ಕದಲ್ಲಿ ಹೆಸರು, ಎತ್ತರ. ಅದು ಮೆಲ್ಲಗೆ ನಮ್ಮ ಬೀದಿಯ ಕಡೆ ಸರಿಯುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಹಿಂಬಾಗಿಲಿಗೆ ಹೋಗಿ ತಲೆ ಎತ್ತಿದಳು. ಮೇಲೆ ಬಹಳ ಎತ್ತರದಲ್ಲಿ, ಕೆಂಪು ವಿಮಾನ. ಅದರ ನೆರಳು ಬಯಲಿನ ಮೇಲೆ ಎಲ್ಲೂ ಇರಲಿಲ್ಲ. ಅಷ್ಟು ಎತ್ತರದಿಂದ ಪುಟ್ಟ ವಿಮಾನದ ನೆರಳು ನೆಲ ಮುಟ್ಟುವುದರೊಳಗೆ ಕರಗಿಹೋಗುತ್ತದೆ. ಅಮ್ಮ ಒಳಗೆ ಬಂದು ಪರದೆ ನೋಡಿದಳು, ಮತ್ತೆ ಹೊರಗೆ ಹೋದಳು. ಹೀಗೆ ಮೂರು ನಾಲ್ಕು ಸಲ.

ಮಾರನೆಯ ಬೆಳಿಗ್ಗೆ ಅಪ್ಪ ಹೊರಡಲು ಸಿದ್ಧರಾಗಿ ನಿಂತಿದ್ದಾಗ, ಅಮ್ಮ ಸೈಕಲ್ ತಳ್ಳಿಕೊಂಡು ಮೈದಾನಕ್ಕೆ ಬಂದಳು. ಅವಳು ಅಲ್ಲಿ ಕಾಲಿಟ್ಟು ವರ್ಷಗಳಾಗಿದ್ದವು. ಗಾಳಿಚೀಲ ಓಡಿ ಬಂದು ಕುರ್ಚಿ ಹಾಕಿದ. ಅವಳು ಕೂರಲಿಲ್ಲ. ನೇರ ಹಳದಿಯ ಹತ್ತಿರ ಹೋಗಿ, ರೆಕ್ಕೆಯ ಉದ್ದಕ್ಕೂ ಬೆರಳಾಡಿಸಿಕೊಂಡು ನಡೆದಳು.

“ಏನು ನೋಡ್ತಿದೀಯ ಟೈಲರಮ್ಮ?” ಅಪ್ಪ ಎದುರು ಹೋಗಿ ಕೇಳಿದರು.

“ಬೇರೆಯವರ ಕೈಗೆ ಕೊಡೋ ಮುಂಚೆ ಹೊಲಿಗೆ ನೋಡಬೇಡ್ವಾ? ಒಂದು ಗಂಟೂ ಬಿಟ್ಟಿಲ್ಲ.” ರೆಕ್ಕೆಯ ತುದಿ ಮುಟ್ಟಿದ ಮೇಲೆ ತಿರುಗಿ ನಿಂತಳು. “ನನಗೆ ಇದರ ಸದ್ದು ಕೇಳ್ಸಲ್ಲ. ಮೂರು ವರ್ಷದಿಂದ ಕೇಳಿಲ್ಲ.”

ಅಪ್ಪನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ನಿನ್ನೆ ಕೂಡ ಕೈ ಬೀಸಿದೆ.”

“ನೆರಳಿಗೆ ಬೀಸಿದೆ.”

ಅಪ್ಪ ಬೆಪ್ಪಾಗಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹಳದಿಯ ಚಕ್ರದ ಮೇಲೆ ಮೆಲ್ಲಗೆ ಕೂತರು. “ಹಾಗಾದ್ರೆ ನಾನು ಅಷ್ಟು ಕೆಳಗೆ ಬಂದದ್ದು...”

“ನನ್ನ ಜೀವ ಬಾಯಿಗೆ ತರಿಸೋಕೆ. ಪ್ರತಿ ಸಲ ನೆರಳು ಕಂಡ್ರೆ ಖುಷಿ, ಮೇಲೆ ನೋಡಿದ್ರೆ ಭಯ. ತೊಟ್ಟಿಗೆ ತಾಗಿಸ್ತಾರೆ ಇವತ್ತು ಅಂತ.” ಅಮ್ಮ ಅವರ ಮುಂದೆ ಕೂತು, ಮೀಸೆಯ ಕೆಳಗಿನ ತುಟಿ ನೋಡುತ್ತ ಹೇಳಿದಳು. “ಆ ಪೆಟ್ಟಿಗೆ ಹಾಕಿಸ್ಕೊಳ್ಳಿ. ಇವಳು ತೋರಿಸಿದ್ಲು. ಕಾಣತ್ತೆ.”

“ಎಲ್ರಿಗೂ ಕಾಣತ್ತೆ.”

“ಎಲ್ರಿಗೂ ಕಾಣಲಿ ಬಿಡಿ. ನನಗೆ ಕಾಣಬೇಕು ನೀವು.”

ಅಪ್ಪ ಕೈಗೆ ಸಿಕ್ಕ ಹುಲ್ಲು ಕಿತ್ತು ಎಸೆದರು. ಆಮೇಲೆ ಗ್ಲೈಡರ್ ಕ್ಲಬ್ಬಿಗೆ ಫೋನ್ ಮಾಡಲು ಎದ್ದರು. ಗಾಳಿಚೀಲ ಅಷ್ಟರಲ್ಲಿ ಕಣ್ಣು ಒರೆಸಿಕೊಳ್ಳುತ್ತ, “ನಾನು ಮೊದಲೇ ಹೇಳಿದ್ದೆ ಸರ್, ಪೆಟ್ಟಿಗೆನೇ ಒಳ್ಳೇದು ಅಂತ,” ಎಂದ. ಅವನು ಹಾಗೆ ಹೇಳಿರಲಿಲ್ಲ.

ಆಂಟೆನಾ ಕೂರಿಸಲು ಹೊಟ್ಟೆಯ ಬಟ್ಟೆ ಕತ್ತರಿಸಬೇಕಾಯಿತು. ನನಗೆ ಕೈ ಬರಲಿಲ್ಲ. ಅಮ್ಮನೇ ತನ್ನ ಅಂಗಡಿಯ ಕತ್ತರಿ ತಂದು, ಹಳದಿಯ ಕೆಳಗೆ ಚಾಪೆ ಹಾಕಿ ಮಲಗಿ, ದುಂಡಗೆ ಕತ್ತರಿಸಿ, ಅಂಚಿಗೆ ಪಟ್ಟಿ ಕೊಟ್ಟು ಹೊಲಿದಳು. ಬಟ್ಟೆಯ ವಿಮಾನದಲ್ಲಿ ಆಂಟೆನಾದ ಬುಡಕ್ಕೆ ಒಂದು ಲೋಹದ ತಟ್ಟೆ ಬೇಕು. ಅದನ್ನು ನಾನು ಒಳಗಿಂದ ಕೂರಿಸುವಾಗ ಅವಳ ಬೆರಳು ಹೊರಗಿಂದ ನನ್ನ ಬೆರಳಿಗೆ ತಾಗುತ್ತಿತ್ತು. ಬ್ಯಾಟರಿಗೆ ಒಂದು ಬಟ್ಟೆಯ ಚೀಲವನ್ನೂ ಹೊಲಿದಳು, ಗುಂಡಿ ಸಮೇತ. ಚಾರ್ಜ್ ಮಾಡುವುದು ಅಡುಗೆಮನೆಯಲ್ಲಿ, ಚಹಾ ಡಬ್ಬಿಯ ಪಕ್ಕ.

ಹೊಸ ನಿಯಮ ಬಂದ ಮೇಲಿನ ಮೊದಲ ಬಿಸಿಲಿನ ಮಧ್ಯಾಹ್ನ ಅಪ್ಪ ಹೊರಟರು. ನಾನು ಪ್ರೊಪೆಲ್ಲರ್ ಎಳೆದು, ಹಳದಿ ನೆಲ ಬಿಟ್ಟ ಮೇಲೆ ಮನೆಗೆ ಓಡಿದೆ. ರೇಡಾರ್ ಕೋಣೆಗೆ ಈಗ ಫೋನ್ ಬೇಡ. ಆದರೂ ಅಪ್ಪ ಅಭ್ಯಾಸಬಲದಿಂದ ಮಾಡಿದ್ದರು. ಆ ಕಡೆಯ ಅಧಿಕಾರಿಣಿ ನಕ್ಕು, “ಕೊನೆಗೂ ನಿಮ್ಮ ಚುಕ್ಕೆಗೆ ಹೆಸರು ಬರತ್ತೆ ಸರ್. ನಮಗೆ ಯಾಕೋ ಬೇಜಾರೇ ಆಗ್ತಿದೆ,” ಎಂದರಂತೆ. ನನಗೂ ಬೇಜಾರಿತ್ತು. ಕೇಳದೆಯೇ ಗೊತ್ತಿರುವ ಜನ ಇದ್ದ ಕಾಲ ಅಲ್ಲಿಗೆ ಮುಗಿಯಿತು.

ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಟ್ಯಾಬ್ ಇಟ್ಟುಕೊಂಡು ಕೂತಿದ್ದಳು. ಪುಟ್ಟ ವಿಮಾನ ನದಿಯ ಮೇಲೆ ಹೋಯಿತು, ಸೇತುವೆಯ ಹತ್ತಿರ ಸುತ್ತುತ್ತಲೇ ಇತ್ತು. “ಅಲ್ಲೇನು ಮಾಡ್ತಿದಾರೆ? ಇಷ್ಟು ಹೊತ್ತು ಅಲ್ಲೇ ಸುತ್ತೋದಾ ಇವರು ದಿನಾ?” ಎಂದಳು. ಅವಳಿಗೆ ಅಪ್ಪನ ದಾರಿ ಕಾಣಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ಇಷ್ಟು ವರ್ಷ ಅವಳು ಕಂಡದ್ದು ಹೋಗುವುದು ಮತ್ತು ಬರುವುದು ಮಾತ್ರ.

ವಿಮಾನ ತಿರುಗಿತು. ನಮ್ಮ ಬೀದಿಯ ಕಡೆ ಬಂತು. ಎತ್ತರ ಸಾವಿರದ ಇನ್ನೂರು. ಅಮ್ಮ ಎದ್ದು ಹಿಂಬಾಗಿಲಿಗೆ ಹೋದಳು, ಬಯಲು ನೋಡಿದಳು. ನೆರಳಿಲ್ಲ. ತಗಡಿನ ಗೇಟು ಮುಟ್ಟಿ ನೋಡಿದಳು, ಇಲ್ಲ ಎಂದು ತಲೆಯಾಡಿಸಿದಳು. ನಾನೂ ಕಿವಿಗೊಟ್ಟೆ. ಅಷ್ಟು ಎತ್ತರದಿಂದ ಹಳದಿಯ ಸದ್ದು, ಪಕ್ಕದ ಮನೆಯ ಫ್ಯಾನಿನಷ್ಟು. ಎಂಜಿನ್ ತಗ್ಗಿಸಿದರೋ ಇಲ್ಲವೋ ನನಗೂ ತಿಳಿಯಲಿಲ್ಲ. ನನ್ನ ಪೆಟ್ಟಿಗೆಯಿಂದ ಅವಳಿಗೆ ಅಪ್ಪ ಕಾಣಿಸಿದರು, ಆದರೆ ಅವರು ಕೂಗುವುದು ಇಲ್ಲಿಗೆ ನಿಂತಿತು ಎಂದುಕೊಂಡೆ.

ಅಮ್ಮ ಒಳಗೆ ಬಂದು ಪರದೆಯ ಮುಂದೆ ಕೂತಳು. ಪುಟ್ಟ ವಿಮಾನ ನಮ್ಮ ಛಾವಣಿಯ ಸುತ್ತ ತಿರುಗುತ್ತಿತ್ತು. ಸಾವಿರದ ಇನ್ನೂರು. ಸಾವಿರದ ಇನ್ನೂರು. ಆಮೇಲೆ ಆ ಅಂಕಿ ಇಳಿಯಿತು. ಸಾವಿರದ ನೂರು. ಮತ್ತೆ ಏರಿತು, ಸಾವಿರದ ಇನ್ನೂರು. ಮತ್ತೆ ಇಳಿಯಿತು, ಸಾವಿರದ ನೂರು. ಮತ್ತೆ ಏರಿತು.

ಎರಡು ಸಲ.

ನಾನು ಅಮ್ಮನ ಕಡೆ ತಿರುಗಿದೆ. ಅವಳಾಗಲೇ ಎದ್ದಿದ್ದಳು. ಒಲೆ ಹಚ್ಚಿ, ಪಾತ್ರೆಗೆ ನೀರು ಸುರಿಯುತ್ತ, ಬೆನ್ನು ನನ್ನ ಕಡೆ ಮಾಡಿಕೊಂಡೇ ಹೇಳಿದಳು.

“ಕೇಳಿಸ್ತು ಕಣೇ.”

ನೀರು ಕುದಿಯಲು ಬಿಟ್ಟು, ಅವಳು ಅಂಗಳಕ್ಕೆ ಹೋಗಿ ತಲೆಯೆತ್ತಿ ಕೈ ಬೀಸಿದಳು. ಅಷ್ಟು ಎತ್ತರದಿಂದ ಅಪ್ಪನಿಗೆ ಅದು ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆಗೆ ಬಂದಾಗ ‘ಗೊತ್ತಾಯ್ತಾ?’ ಎಂದು ಅವರು ಕೇಳಲಿಲ್ಲ. ಚಹಾ ಕುಡಿಯುವ ಹದಕ್ಕೆ ಬಂದಿತ್ತು.